ಗೋಡೆಯ ಚೆಂಡು, ಉಲ್ಲನ್ ಚೆಂಡು



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳಲ್ಲಿ ಓದುತ್ತಿರುವ ನಿಮಗೆ ಕ್ರೀಡಾಕೂಟದ ಮೆಟ್ಟಿಲುಗಳನ್ನು ನಾನು ಹೇಳಿಕೊಡಬೇಕಾಗಿಲ್ಲ. ಗೆದ್ದ ತಂಡ ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಕಲಬುರಗಿ ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ ಹೋಗುತ್ತದೆ. ಕಬಡ್ಡಿ, ಖೊ-ಖೊ, ವಾಲಿಬಾಲ್, ಥ್ರೋಬಾಲ್‌ಗಳ ಪಟ್ಟಿಯಲ್ಲಿ ಬಾಲ್ ಬ್ಯಾಡ್ಮಿಂಟನ್ ಕೂಡ ಇದೆ. ಕಬಡ್ಡಿ ಅಂಕಣದ ಸುತ್ತ ನೆರೆಯುವಷ್ಟು ಜನ ಅದರ ಸುತ್ತ ನೆರೆಯುವುದಿಲ್ಲ. "ಇದನ್ನು ಆಡಿದರೆ ಮುಂದೆ ಏನು ಸಿಗುತ್ತದೆ, ಸರ್?" ಎಂದು ಕೇಳುವವರು ನಿಮ್ಮಲ್ಲೇ ಇದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಲು ಬಹಳ ದೂರದ ಇನ್ನೊಂದು ರ್‍ಯಾಕೆಟ್ ಆಟವನ್ನು ನೋಡಿಕೊಂಡು ಬರೋಣ. ಅದರ ಹೆಸರು ರ್‍ಯಾಕೆಟ್‌ಬಾಲ್.

ಅಮೆರಿಕದ ಗ್ರೀನಿಚ್ ಎಂಬ ಊರಿನಲ್ಲಿ 1950ರ ಸುಮಾರಿಗೆ ಜೋ ಸೋಬೆಕ್ ಎಂಬಾತ ಇದನ್ನು ರೂಪಿಸಿದ. ಗೋಡೆಗೆ ಚೆಂಡನ್ನು ಅಂಗೈಯಿಂದ ಹೊಡೆಯುವ ಹ್ಯಾಂಡ್‌ಬಾಲ್ ಆಟ ಅಲ್ಲಿ ಮೊದಲೇ ಇತ್ತು. ಈತ ಗಿಡ್ಡ ಹಿಡಿಕೆಯ, ತಂತಿ ಬಿಗಿದ ರ್‍ಯಾಕೆಟ್ ಮಾಡಿಸಿ, ಅದೇ ಕೋಣೆಯಲ್ಲಿ ರಬ್ಬರ್ ಚೆಂಡು ಹೊಡೆದು ನೋಡಿದ. ಹೊಸ ಅಂಗಳ ಕಟ್ಟುವ ಖರ್ಚಿಲ್ಲದ್ದರಿಂದ ಆಟ ಬೇಗ ಹಬ್ಬಿತು.

ಅಂಗಳವೆಂದರೆ ಒಂದು ಕೋಣೆ. ಉದ್ದ 40 ಅಡಿ, ಅಗಲ 20 ಅಡಿ, ಎತ್ತರ 20 ಅಡಿ. ನಡುವೆ ಬಲೆ ಇಲ್ಲ. ಚೆಂಡು ಪಕ್ಕದ ಗೋಡೆಗೆ ತಗಲಬಹುದು, ಛಾವಣಿಗೂ ತಗಲಬಹುದು; ನೆಲ ಮುಟ್ಟುವ ಮೊದಲು ಮುಂದಿನ ಗೋಡೆಯನ್ನು ಮುಟ್ಟಿದರಾಯಿತು. ಎದುರಾಳಿ ಅದನ್ನು ಎರಡನೆಯ ಪುಟಿತಕ್ಕೆ ಮುಂಚೆ ಹೊಡೆಯಬೇಕು. (ನಮ್ಮ ಶಹಾಬಾದ್ ಕಲ್ಲಿನ ಒರಟು ಗೋಡೆಗೆ ಹೊಡೆದರೆ ಚೆಂಡು ಯಾವ ಕಡೆ ಹೋದೀತೋ ದೇವರೇ ಬಲ್ಲ.) ಇಬ್ಬರು ಎದುರಾಳಿಗಳೂ ಒಂದೇ ಕೋಣೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಓಡುತ್ತಾರೆ. ಆದ್ದರಿಂದ ಈ ಆಟದಲ್ಲಿ ಎದುರಾಳಿಗೆ ದಾರಿ ಬಿಟ್ಟುಕೊಡುವುದೇ ಒಂದು ನಿಯಮ. ಹೊಡೆದರೆ ಆತನಿಗೆ ಪೆಟ್ಟಾದೀತು ಎನಿಸಿದರೆ ಕೈ ತಡೆದು ನಿಲ್ಲಬೇಕು. ಆ ಸರದಿಯನ್ನು ಮತ್ತೆ ಆಡಿಸುತ್ತಾರೆ. ಗೆಲ್ಲುವ ಹಟದ ನಡುವೆ ಕೈ ತಡೆಯುವ ಈ ಸಂಯಮವೇ ನನಗೆ ಈ ಆಟದಲ್ಲಿ ಹೆಚ್ಚು ಹಿಡಿಸಿದ್ದು.

ರ್‍ಯಾಕೆಟ್‌ಬಾಲ್‌ಗೆ ಒಲಿಂಪಿಕ್ಸ್‌ನಲ್ಲಿ ಇದುವರೆಗೆ ಜಾಗ ಸಿಕ್ಕಿಲ್ಲ. ಅದಕ್ಕೆ ದೊಡ್ಡ ವೇದಿಕೆಯೆಂದರೆ ಉತ್ತರ, ದಕ್ಷಿಣ ಅಮೆರಿಕಗಳ ದೇಶಗಳು ಸೇರುವ ಪ್ಯಾನ್ ಅಮೆರಿಕನ್ ಕ್ರೀಡಾಕೂಟ, ನಮ್ಮ ಏಷ್ಯನ್ ಕ್ರೀಡಾಕೂಟದಂಥದು. 1995ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ ಅದು ಮೊದಲು ಸೇರಿತು. 2007ರಲ್ಲಿ ರಿಯೊದಲ್ಲಿ ಕೈಬಿಟ್ಟರು, 2011ರಲ್ಲಿ ಮತ್ತೆ ಸೇರಿಸಿದರು. ಇಂಥ ಆಟಗಳ ಬಾಳೇ ಹೀಗೆ, ಕೂಟದಿಂದ ಕೂಟಕ್ಕೆ ಅನಿಶ್ಚಿತ.

ಈಗ ಬೊಲಿವಿಯಾದ ಮಾತು. ಸಮುದ್ರ ತೀರವಿಲ್ಲದ, ಬೆಟ್ಟಗಳ ನಾಡು, ಹಣವಂತ ದೇಶವಲ್ಲ. ಪ್ಯಾನ್ ಅಮೆರಿಕನ್ ಕೂಟಗಳಲ್ಲಿ ದಶಕಗಳ ಕಾಲ ಭಾಗವಹಿಸಿದರೂ ಒಂದು ಚಿನ್ನವೂ ಸಿಕ್ಕಿರಲಿಲ್ಲ. ಓಟ, ಈಜುಗಳಲ್ಲಿ ದೊಡ್ಡ ದೇಶಗಳನ್ನು ಹಿಂದಿಕ್ಕುವುದು ಸುಲಭವೇ? ಆದರೆ ಅಲ್ಲಿನ ಹುಡುಗರು ರ್‍ಯಾಕೆಟ್‌ಬಾಲನ್ನು ಮನಸಾರೆ ಹಿಡಿದಿದ್ದರು. 2019ರ ಆಗಸ್ಟ್‌ನಲ್ಲಿ ಪೆರುವಿನ ಲಿಮಾದಲ್ಲಿ ಕಾನ್ರಾಡೊ ಮಾಸ್ಕೊಸೊ, ಕಾರ್ಲೊಸ್ ಕೆಲ್ಲರ್, ರೋಲಂಡ್ ಕೆಲ್ಲರ್ ಇದ್ದ ಪುರುಷರ ತಂಡ ಚಿನ್ನ ಗೆದ್ದಿತು. ಆ ಕೂಟಗಳ ಚರಿತ್ರೆಯಲ್ಲಿ ಬೊಲಿವಿಯಾಕ್ಕೆ ಅದೇ ಮೊದಲ ಚಿನ್ನ. ಬಹುಪಾಲು ಜಗತ್ತು ಹೆಸರನ್ನೂ ಕೇಳದ ಆಟವೊಂದು ಇಡೀ ದೇಶದ ಕೊರತೆಯನ್ನು ತುಂಬಿಕೊಟ್ಟಿತು.

ಇನ್ನು ನಮ್ಮ ಉಲ್ಲನ್ ಚೆಂಡಿಗೆ ಬರೋಣ. ಬಾಲ್ ಬ್ಯಾಡ್ಮಿಂಟನ್ ಹುಟ್ಟಿದ್ದು ತಂಜಾವೂರಿನಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಹಳದಿ ಉಲ್ಲನ್ ಚೆಂಡಿನ ತೂಕ 27ರಿಂದ 30 ಗ್ರಾಂ. ಅಂಗಳ 24 ಮೀಟರ್ ಉದ್ದ, 12 ಮೀಟರ್ ಅಗಲ. ಒಂದು ಕಡೆಗೆ ಐವರು. ಚೆಂಡು ನೆಲ ಮುಟ್ಟುವಂತಿಲ್ಲ. ವಾರಂಗಲ್‌ನಲ್ಲಿ ನೆಲೆಸಿದ್ದ ಜೆ. ಪಿಚ್ಚಯ್ಯನವರು ಈ ಆಟಕ್ಕಾಗಿ 1970ರ ಅರ್ಜುನ ಪ್ರಶಸ್ತಿ ಪಡೆದರು. 1956ರವರೆಗೆ ವಾರಂಗಲ್ಲೂ ನಮ್ಮ ಕಲಬುರಗಿಯೂ ಹೈದರಾಬಾದ್ ಎಂಬ ಒಂದೇ ರಾಜ್ಯದಲ್ಲಿದ್ದವು.

ಬಯಲಿನ ಆಟವಾದ್ದರಿಂದ ಗಾಳಿಯೂ ನೆಲವೂ ಇಲ್ಲಿ ಆಟಗಾರರೇ. ಭೀಮಾ ದಂಡೆಯ ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಅಂಗಳಕ್ಕೆ ಒಂದು ಪದರ ಮುರುಮು ಹಾಕಿ ಕುಟ್ಟಿದರೆ ಅರ್ಧ ಕೆಲಸ ಮುಗಿದಂತೆ. ಒದ್ದೆಯಾದ ಚೆಂಡು ಭಾರವಾಗಿ ಬಲೆ ದಾಟುವುದಿಲ್ಲ. ಒಣಗಿದ ಇನ್ನೆರಡು ಚೆಂಡು ಕೈಯಲ್ಲಿರಲಿ. ಗಾಳಿಗೆ ಎದುರಾಗಿ ಆಡುವಾಗ ಮೇಲಕ್ಕೆ ಎತ್ತಿ ಹೊಡೆಯುವ ಆಸೆ ಬಿಟ್ಟು, ಬಲೆಯ ಅಂಚಿಗೆ ತಗ್ಗಾಗಿ ಹೊಡೆಯಿರಿ.

ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಸುಳ್ಳು ಆಸೆ ಹುಟ್ಟಿಸಲಾರೆ. ಬಾಲ್ ಬ್ಯಾಡ್ಮಿಂಟನ್‌ಗೆ ಏಷ್ಯನ್ ಕೂಟದಲ್ಲಿ ಪದಕವಿಲ್ಲ. ಕೂಟಕ್ಕೆ ಸೇರಬೇಕಾದರೆ ಆಟ ಚೆನ್ನಾಗಿದ್ದರೆ ಸಾಲದು, ಹಲವು ದೇಶಗಳು ಅದನ್ನು ಆಡಬೇಕು. ಕಬಡ್ಡಿಯೂ 1982ರ ದೆಹಲಿ ಕೂಟದಲ್ಲಿ ಕೇವಲ ಪ್ರದರ್ಶನದ ಆಟವಾಗಿತ್ತು. ಪದಕದ ಆಟವಾದದ್ದು 1990ರಲ್ಲಿ, ಬೀಜಿಂಗ್‌ನಲ್ಲಿ. ಆದರೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಬಾಲ್ ಬ್ಯಾಡ್ಮಿಂಟನ್ ಇದೆ. ಗುಲ್ಬರ್ಗ ವಿಶ್ವವಿದ್ಯಾಲಯವಿದೆ, ಆಳಂದ ತಾಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹತ್ತನೆಯ ತರಗತಿಯ ಆಟಗಾರನಿಗೆ ಆ ತಂಡದ ಅಂಗಿ ಬಹಳ ದೂರದ್ದೇನಲ್ಲ.

ನಡುವೆ ಕಡಿಯುವುದು ಪಿಯುಸಿಯ ಎರಡು ವರ್ಷ. ಶಾಲೆಯ ತಂಡ ಚದುರಿಹೋಗುತ್ತದೆ, ರ್‍ಯಾಕೆಟ್ಟು ಅಟ್ಟ ಸೇರುತ್ತದೆ. ವಿದ್ಯಾರ್ಥಿನಿಯರ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಹೊಸ ಕಾಲೇಜಿಗೆ ಸೇರಿದ ವಾರವೇ ದೈಹಿಕ ಶಿಕ್ಷಣದ ಉಪನ್ಯಾಸಕರನ್ನು ಕಂಡು ಹೆಸರು ಕೊಡಿ. ಐವರು ಕೂಡುವವರೆಗೆ ಕಾಯಬೇಕಾಗಿಲ್ಲ. ಇಬ್ಬರಿಬ್ಬರ ಜೋಡಿ ಆಟವೂ ಇದೆ. ನಾಲ್ಕು ಜನ ಸಿಕ್ಕರೆ ಸಂಜೆಯೇ ಬಲೆ ಕಟ್ಟಬಹುದು.