ಗೆದ್ದ ಮೇಲೂ ಮುಗಿಯದ ಆಟ

ಪುಸ್ತಕವೊಂದು ಹೊರಬಂದರೆ ಅದರ ಗುಣದೋಷಗಳನ್ನು ಕುರಿತು ಓದುಗರು ಮಾತನಾಡುತ್ತಾರೆ. ಆ ಮಾತಿಗೆ ನಾವು ವಿಮರ್ಶೆ ಎಂಬ ಗೌರವದ ಹೆಸರನ್ನು ಕೊಟ್ಟಿದ್ದೇವೆ. ನಾಟಕಕ್ಕೂ ಸಂಗೀತಕ್ಕೂ ಚಲನಚಿತ್ರಕ್ಕೂ ಆ ಮರ್ಯಾದೆ ಸಂದಿದೆ. ಆದರೆ ಆಟವೊಂದನ್ನು ನೂರಾರು ಗಂಟೆ ಆಡಿದವನು ಅದರ ವಿಷಯವಾಗಿ ಆಡುವ ಮಾತು ಮಾತ್ರ ನಮ್ಮ ಕಿವಿಗೆ ಇನ್ನೂ ಹುಡುಗರ ಹರಟೆಯಾಗಿಯೇ ಕೇಳಿಸುತ್ತದೆ. ಈ ಹರಟೆಯಲ್ಲಿ ವಿಮರ್ಶೆಯ ಸತ್ತ್ವ ಎಷ್ಟಿದೆ ಎಂಬುದನ್ನು, ಅಂತರಿಕ್ಷವನ್ನೇ ಹಾಸಾಗಿ ಮಾಡಿಕೊಂಡ ಒಂದು ಕಂಪ್ಯೂಟರ್ ಆಟದ ನಿದರ್ಶನದಿಂದ ವಿಚಾರ ಮಾಡುವುದು ಇಂದಿನ ನನ್ನ ಉದ್ದೇಶ.

ಕಂಪ್ಯೂಟರಿಗೂ ಅಂತರಿಕ್ಷದ ಆಟಕ್ಕೂ ಇರುವ ನಂಟು ಹಳೆಯದು. ೧೯೬೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ರಚಿಸಿದ 'ಸ್ಪೇಸ್‌ವಾರ್' ಆಟದಲ್ಲಿ ಎರಡು ನೌಕೆಗಳು ಒಂದು ನಕ್ಷತ್ರದ ಸೆಳೆತಕ್ಕೆ ಸಿಲುಕದಂತೆ ತಪ್ಪಿಸಿಕೊಳ್ಳುತ್ತ ಪರಸ್ಪರ ಹೊಡೆದಾಡಬೇಕಾಗಿತ್ತು. ಅದು ಕೈಚಳಕದ ಆಟ. ಚದುರಂಗದಂತೆ ಕುಳಿತು ಯೋಚಿಸುವ ಆಟಗಳು ಆಮೇಲೆ ಬಂದುವು. ೧೯೯೩ರಲ್ಲಿ 'ಮಾಸ್ಟರ್ ಆಫ್ ಓರಿಯನ್' ಎಂಬ ಆಟವನ್ನು ಓದುಗರಿಗೆ ಪರಿಚಯಿಸುತ್ತ ಅಲನ್ ಎಮ್‌ರಿಚ್ ಎಂಬ ಅಮೆರಿಕದ ಲೇಖಕರು ಈ ಜಾತಿಯ ಆಟದ ಸಾರವನ್ನೆಲ್ಲ ನಾಲ್ಕು ಕ್ರಿಯಾಪದಗಳಲ್ಲಿ ಹಿಡಿದಿಟ್ಟರು: ಶೋಧಿಸು, ವಿಸ್ತರಿಸು, ಬಳಸಿಕೊ, ನಿರ್ಮೂಲ ಮಾಡು. ಇಂಗ್ಲಿಷಿನಲ್ಲಿ ಈ ನಾಲ್ಕು ಮಾತುಗಳಲ್ಲಿಯೂ 'ಎಕ್ಸ್' ಅಕ್ಷರವಿರುವುದರಿಂದ ಇಂಥ ಆಟಗಳಿಗೆ 'ಫೋರ್ ಎಕ್ಸ್' ಎಂಬ ಹೆಸರೇ ನಿಂತುಹೋಯಿತು. ಚಕ್ರವರ್ತಿಗಳ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ಬೇರೆ ಯಾರಾದರೂ ಹೇಳಿದ್ದಾರೆಯೋ ಇಲ್ಲವೋ!

ಈ ಪರಂಪರೆಯಲ್ಲಿ ಬಂದದ್ದು, ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆ ೨೦೧೬ರ ಮೇ ತಿಂಗಳಲ್ಲಿ ಹೊರತಂದ 'ಸ್ಟೆಲ್ಲಾರಿಸ್'. ಆಟದ ಕಾಲ ಕ್ರಿಸ್ತಶಕ ೨೨೦೦ರಲ್ಲಿ ಆರಂಭವಾಗುತ್ತದೆ. ಆಟಗಾರನ ಕೈಯಲ್ಲಿ ಒಂದು ಗ್ರಹ, ಒಂದು ಜನಾಂಗ, ಕೆಲವು ನೌಕೆಗಳು, ಸುತ್ತಲೂ ಕತ್ತಲೆ. ಆ ಜನಾಂಗದ ನೀತಿ, ಆಡಳಿತ, ಸ್ವಭಾವಗಳನ್ನು ಆಟಗಾರನೇ ಆರಿಸಿಕೊಳ್ಳಬೇಕು. ಆಮೇಲೆ ಒಂದೊಂದಾಗಿ ನಕ್ಷತ್ರಗಳ ಕಡೆಗೆ ಪಯಣ.

ಬಾಶೆಟ್ಟಿಹಳ್ಳಿಯಲ್ಲಿ ಈ ಆಟವನ್ನು ಆಡುವ ನಾಲ್ಕೈದು ಮಂದಿಯೊಡನೆ ಮಾತನಾಡುವ ಅವಕಾಶ ನನಗೆ ದೊರೆತಿದೆ. ದೊಡ್ಡಬಳ್ಳಾಪುರದ ಮಗ್ಗಲಿಗೇ ಇರುವ ಈ ಊರಿನ ಹೆಸರನ್ನು ಇಂದು ಹೊರಗಿನವರು ಬಲ್ಲುದು ಕೈಗಾರಿಕಾ ಪ್ರದೇಶವೆಂದೇ. ನನ್ನೊಡನೆ ಮಾತನಾಡಿದವರಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬರುವವನೊಬ್ಬ, ವಿದ್ಯುತ್ ಮಗ್ಗದ ಮನೆಯ ಹುಡುಗನೊಬ್ಬ, ಕಾಲೇಜಿನಲ್ಲಿ ಓದುತ್ತಿರುವ ರೈತನ ಮಗಳೊಬ್ಬಳು ಇದ್ದರು. ಸಾಹಿತ್ಯದ ಪರಿಭಾಷೆ ಇವರಾರಿಗೂ ಗೊತ್ತಿಲ್ಲ. ಆದರೆ ಇವರ ಅಭಿಪ್ರಾಯಗಳಲ್ಲಿ ಒಂದು ಕ್ರಮವಿತ್ತು.

ಎಲ್ಲರೂ ಒಪ್ಪಿದ ಮೊದಲನೆಯ ಮಾತು, ಆಟದ ಸೊಗಸೆಲ್ಲ ಅದರ ಆರಂಭದಲ್ಲಿದೆ ಎಂಬುದು. ಮುಂದಿನ ನಕ್ಷತ್ರದಲ್ಲಿ ಏನಿದೆಯೋ ತಿಳಿಯದು. ಅಳಿದ ಯಾವುದೋ ನಾಗರಿಕತೆಯ ಅವಶೇಷವಿರಬಹುದು, ಮಾತೇ ಅರ್ಥವಾಗದ ನೆರೆಯವರಿರಬಹುದು. ಮಧ್ಯದ ಹೊತ್ತಿಗೆ ಗಡಿಗಳು ಒಂದಕ್ಕೊಂದು ತಾಗಿ ಕುತೂಹಲ ಇಳಿಯುತ್ತದೆ. ಕೊನೆಯಲ್ಲಂತೂ, ಗೆಲುವು ನಿಶ್ಚಯವಾದ ಮೇಲೂ, ಲೆಕ್ಕದ ವರ್ಷ ೨೫೦೦ ಬರುವವರೆಗೆ ಕಾಯಬೇಕು. ಪ್ರಜೆಗಳು ಹೆಚ್ಚಿದಂತೆ ಕಂಪ್ಯೂಟರು ಮಾಡಬೇಕಾದ ಲೆಕ್ಕವೂ ಹೆಚ್ಚಿ, ಹಳೆಯ ಯಂತ್ರಗಳಲ್ಲಿ ಆಟದ ವರ್ಷಗಳು ತೆವಳತೊಡಗುತ್ತವೆ. "ಸೋತರೆ ಬೇಜಾರಿಲ್ಲ, ಗೆದ್ದ ಮೇಲೆಯೇ ಬೇಜಾರು" ಎಂದ ಪಾಳಿಯ ಹುಡುಗ. ಈ ದೂರು ಪ್ರಪಂಚದ ಎಲ್ಲೆಡೆಯ ಆಟಗಾರರದೂ ಹೌದು. ಪುಸ್ತಕಕ್ಕೆ ಇಲ್ಲದ ಒಂದು ಭಾಗ್ಯ ಇಂಥ ಆಟಕ್ಕಿದೆ: ಓದುಗನ ಮಾತು ಕೇಳಿ ಅಚ್ಚಾದ ಕಾವ್ಯ ಬದಲಾಗದು, ಆಟ ಬದಲಾಗುತ್ತದೆ. ೨೦೨೫ರ ಮೇ ತಿಂಗಳಲ್ಲಿ ರಚನಕಾರರು ಪ್ರಜೆಗಳನ್ನು ಲೆಕ್ಕ ಹಾಕುವ ವಿಧಾನವನ್ನೇ ಹೊಸದಾಗಿ ಕಟ್ಟಿದರು.

ಎರಡನೆಯ ವಿಷಯದಲ್ಲಿ ಒಮ್ಮತವಿರಲಿಲ್ಲ. ಮೊದಮೊದಲು ಈ ಆಟದಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲು ಮೂರು ಬಗೆಯ ಮಾರ್ಗಗಳಿದ್ದುವು. ಒಂದು ಬಗೆಯಲ್ಲಿ ನೌಕೆ ಯಾವ ದಿಕ್ಕಿಗಾದರೂ ಹಾರಬಹುದಾಗಿತ್ತು. ೨೦೧೮ರ ಫೆಬ್ರವರಿಯಲ್ಲಿ ಅವನ್ನು ಕೈಬಿಟ್ಟು, ಆರಂಭದಿಂದ ಎಲ್ಲರೂ ಗೊತ್ತಾದ ದಾರಿಗಳಲ್ಲೇ ಸಾಗಬೇಕೆಂದು ವಿಧಿಸಿದರು. ಬಯಲಿನಂತಿದ್ದ ಆಕಾಶದಲ್ಲಿ ಕಣಿವೆಗಳೂ ಹೆಬ್ಬಾಗಿಲುಗಳೂ ಹುಟ್ಟಿಕೊಂಡುವು. ಇದರಿಂದ ಸ್ವಾತಂತ್ರ್ಯ ಹೋಯಿತೆಂದು ಮಗ್ಗದ ಮನೆಯ ಹುಡುಗನ ವಾದ. ಕಟ್ಟು ಬಂದುದರಿಂದಲೇ ಯುಕ್ತಿಗೆ ಬೆಲೆ ಬಂದಿತೆಂದು ಪಾಳಿಯ ಹುಡುಗನ ಪ್ರತಿವಾದ. ಛಂದಸ್ಸು ಬೇಕೆ ಬೇಡವೆ ಎಂದು ನಮ್ಮಲ್ಲಿ ಒಂದು ತಲೆಮಾರು ನಡೆಸಿದ ಚರ್ಚೆಯನ್ನು ಬಲ್ಲವರಿಗೆ ಈ ವಾದದ ಧಾಟಿ ಹೊಸದೆನಿಸದು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಮೂರನೆಯ ಅಭಿಪ್ರಾಯ. ಆಟದ ನಡುವೆ ಕೆಲವೊಮ್ಮೆ, ಆಕಾಶಯಾನವನ್ನಿನ್ನೂ ಅರಿಯದ ಜನರಿರುವ ಗ್ರಹವೊಂದು ಕಣ್ಣಿಗೆ ಬೀಳುತ್ತದೆ. ಅದರ ಮೇಲೊಂದು ವೀಕ್ಷಣಾಲಯವನ್ನು ಕಟ್ಟಬಹುದು. ಆ ಜನರನ್ನು ಸದ್ದಿಲ್ಲದೆ ನೋಡುತ್ತಿರಬಹುದು, ಕೆಲವರನ್ನು ಎತ್ತಿ ತಂದು ಪರೀಕ್ಷಿಸಬಹುದು, ವಿದ್ಯೆ ಕಲಿಸಿ ಮೇಲೆತ್ತಬಹುದು, ಸೈನ್ಯವನ್ನಿಳಿಸಿ ವಶಪಡಿಸಿಕೊಳ್ಳಲೂಬಹುದು. ಆಯ್ಕೆಯೆಲ್ಲ ಮೇಲಿರುವವನದು. "ಬೇರೆ ಚಕ್ರವರ್ತಿಯಾಗಿ ಆಡಬಹುದು, ಆ ಕೆಳಗಿನ ಗ್ರಹವಾಗಿ ಆಡಲು ಬರುವುದಿಲ್ಲವಲ್ಲ?" ಎಂದಳು ರೈತನ ಮಗಳು. "ನಮ್ಮ ಕಡೆಯವರು ಇದ್ದದ್ದು ಅಲ್ಲಿಯೇ."

ಅವಳ ಮಾತಿಗೆ ಹಿನ್ನೆಲೆ ದೂರವಿಲ್ಲ. ನೆರೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ೧೩ ಗ್ರಾಮಗಳ ೧,೭೭೭ ಎಕರೆ ಭೂಮಿಯನ್ನು ಏರೋಸ್ಪೇಸ್ ಉದ್ಯಮಕ್ಕಾಗಿ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಮುಂದಾದಾಗ, ಅಲ್ಲಿಯ ರೈತರು ಮೂರು ವರ್ಷಗಳಿಗೂ ಮೀರಿ ಚಳವಳಿ ನಡೆಸಿದರು. ೨೦೨೫ರ ಜುಲೈ ೧೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿಯೂ, ತಾವಾಗಿ ಕೊಡಲೊಪ್ಪುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿಯೂ ಪ್ರಕಟಿಸಿದರು. ಉದ್ಯಮ ಬೇಡವೆಂದು ಹೇಳುವುದು ಸುಲಭವಲ್ಲ. ಅವಳ ಅಣ್ಣಂದಿರಿಗೆ ಅನ್ನ ಕೊಡುತ್ತಿರುವುದೂ ಉದ್ಯಮವೇ. ಆದರೆ ನಕ್ಷೆಯನ್ನು ಮೇಲಿನಿಂದ ನೋಡುವವನಿಗೆ ಕಾಣುವುದು ಎಕರೆ. ಕೆಳಗೆ ನಿಂತವನಿಗೆ ಕಾಣುವುದು ಹೊಲ. ಆಟದ ಕೊರತೆಯನ್ನು ಹೇಳಲು ಹೋಗಿ ಆ ಹುಡುಗಿ ಹೇಳಿದ್ದು ಇದನ್ನೇ.

ನಮ್ಮ ಹಳ್ಳಿಗಳ ಹುಲಿ–ಕುರಿ ಆಟ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ಎರಡು ಪಕ್ಷಗಳೂ ಸಮವಲ್ಲ. ಹುಲಿಗಳು ಕೆಲವೇ, ಹಾರಿ ಕೊಲ್ಲಬಲ್ಲವು. ಕುರಿಗಳು ಹಲವು, ಯಾರನ್ನೂ ಕೊಲ್ಲಲಾರವು. ಆದರೂ ಒತ್ತೊತ್ತಾಗಿ ನಿಂತು ಹುಲಿಗೆ ಅಲುಗಾಡಲು ಎಡೆಯಿಲ್ಲದಂತೆ ಮಾಡಿದರೆ ಗೆಲುವು ಕುರಿಗಳದೇ. ಕಲ್ಲಿನ ಮೇಲೆ ಗೆರೆ ಕೊರೆದು ಆಡುತ್ತಿದ್ದ ಹಿರಿಯರು ಕೆಳಗಿನವನ ಸ್ಥಾನವನ್ನೂ ಆಡಲು ಯೋಗ್ಯವಾದ ಸ್ಥಾನವೆಂದು ತಿಳಿದಿದ್ದರು.

ಹೊಸ ಆಟಕ್ಕೆ ಅನ್ಯಾಯವಾಗಬಾರದು. ಕೊಲ್ಲದೆ ಆಡುವ ದಾರಿಯೂ ಅದರಲ್ಲಿದೆ. ೨೦೨೦ರ ಮಾರ್ಚಿಯಲ್ಲಿ, ವಿಶ್ವಸಂಸ್ಥೆಯನ್ನು ಹೋಲುವ ಒಂದು ನಕ್ಷತ್ರಲೋಕದ ಸಭೆಯೂ ಸೇರಿತು. ಅಲ್ಲಿ ಮಾತು, ಮತ, ಒಪ್ಪಂದಗಳಿಂದ ಬೆಳೆಯಬಹುದು. ಹಾಗೆ ಆಡುವವರು ಇದ್ದಾರೆ. ಕೊನೆಯ ಬೇಸರ ತಮಗೆ ಕಡಿಮೆಯೆಂದು ಅವರ ಅನುಭವ. ನೆರೆಯವರು ಉಳಿದಿರುವಷ್ಟು ಕಾಲ ಅವರು ನಾಳೆ ಏನು ಮಾಡುವರೋ ಎಂಬ ಕುತೂಹಲವೂ ಉಳಿದಿರುತ್ತದೆ.

ಈ ಮಾತನ್ನು ಮೊದಲನೆಯ ದೂರಿನ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ಗೆದ್ದವನ ಬೇಸರಕ್ಕೆ ಕಂಪ್ಯೂಟರಿನ ನಿಧಾನವೊಂದೇ ಕಾರಣವಲ್ಲ. ಆ ನಾಲ್ಕು ಕ್ರಿಯಾಪದಗಳಲ್ಲಿ ಕೊನೆಯದು ಮೊದಲನೆಯದನ್ನು ತಿಂದುಹಾಕುತ್ತದೆ. ಎಲ್ಲರನ್ನೂ ನಿರ್ಮೂಲ ಮಾಡಿದ ಮೇಲೆ ಶೋಧಿಸಲು ಯಾರು ಉಳಿದಾರು? ನಕ್ಷೆಯೆಲ್ಲ ಒಂದೇ ಬಣ್ಣವಾದಾಗ ಅದರಲ್ಲಿ ನೋಡಲು ಏನೂ ಇರುವುದಿಲ್ಲ. ನೀತಿಪಾಠ ಹೇಳಬೇಕೆಂದು ಈ ಆಟವನ್ನು ಯಾರೂ ಕಟ್ಟಲಿಲ್ಲ, ನೀತಿ ಕಲಿಯಬೇಕೆಂದು ಯಾರೂ ಆಡಲಿಲ್ಲ. ಆಡಿ ಆಡಿ ದಣಿದವರ ಬಾಯಿಂದ ತಾನಾಗಿ ಹೊರಟ ತೀರ್ಪು ಇದು. ಕೃತಿಯೊಂದು ತಾನು ಹೇಳಹೊರಟದ್ದಕ್ಕಿಂತ ಹೆಚ್ಚಿನದನ್ನು ಅರಿಯದೆಯೇ ಹೇಳಿಬಿಟ್ಟಾಗ, ಅದನ್ನು ಕಂಡು ತೋರಿಸುವ ಕೆಲಸಕ್ಕೆ ವಿಮರ್ಶೆಯೆಂದಲ್ಲದೆ ಬೇರೆ ಹೆಸರು ನನಗೆ ತೋಚುವುದಿಲ್ಲ.