ಆಟದ ವಿಮಾನಕ್ಕೂ ಪೆಟ್ರೋಲ್ ಬೇಕು



ಎರಡನೇ ಮಹಾಯುದ್ಧದ ವಿಡಿಯೊ ಗೇಮ್‌ಗಳಲ್ಲಿ ಬರುವ ವಿಮಾನಗಳು ಇತಿಹಾಸಕ್ಕೆ ಎಷ್ಟು ನಿಷ್ಠವಾಗಿವೆ? ಈ ಮಾತು ಎದ್ದರೆ ಸಾಕು, ಚರ್ಚೆ ಬಣ್ಣ, ಬಾಲದ ಗುರುತು, ರೆಕ್ಕೆಯ ತುದಿಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ರೆಕ್ಕೆ ಅಂಡಾಕಾರದಲ್ಲೇ ಇದ್ದರೆ ಸಂತೋಷ. ಇಲ್ಲದಿದ್ದರೆ ನಾನೇನೂ ನಿದ್ದೆಗೆಡುವುದಿಲ್ಲ. ಆ ವಿಮಾನದ ಕೈಲಿ ಏನು ಆಗುತ್ತಿರಲಿಲ್ಲವೋ ಅದನ್ನು ಆಟ ತೋರಿಸುತ್ತದೆಯೇ ಎಂಬುದಷ್ಟೇ ನನ್ನ ತಕರಾರು.

1940ರ ಬ್ರಿಟನ್ ಕದನವನ್ನೇ ನೋಡಿ. ಜರ್ಮನಿಯ ಮೆಸರ್‌ಶ್ಮಿಟ್ 109 ಫ್ರಾನ್ಸಿನ ಕರಾವಳಿಯಿಂದ ಹಾರಿ ಲಂಡನ್ ತಲುಪಿದರೆ ಅಲ್ಲಿ ಕಾದಾಡಲು ಸಿಗುತ್ತಿದ್ದದ್ದು ಹತ್ತು ಹದಿನೈದು ನಿಮಿಷ. ಆಮೇಲೆ ಪೈಲಟ್‌ಗೆ ಶತ್ರುವಿಗಿಂತ ಇಂಧನದ ಮುಳ್ಳಿನದೇ ಭಯ. ಸ್ಪಿಟ್‌ಫೈರಿಗೆ ಬೇರೊಂದು ಪೀಡೆ. ಮೂತಿಯನ್ನು ಗಕ್ಕನೆ ಕೆಳಗೆ ಬಗ್ಗಿಸಿದರೆ ಕಾರ್ಬ್ಯುರೇಟರ್ ಕೈಕೊಟ್ಟು ಎಂಜಿನ್ ಮುಗ್ಗರಿಸುತ್ತಿತ್ತು. ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುತ್ತಿದ್ದ ಜರ್ಮನ್ ಎಂಜಿನ್ನಿಗೆ ಆ ಕಾಟವಿರಲಿಲ್ಲ. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಇಂಧನದ ದಾರಿಯಲ್ಲಿ ಪುಟ್ಟ ತೂತಿನ ಲೋಹದ ಬಿಲ್ಲೆಯೊಂದನ್ನು ಕೂರಿಸಿ ಸ್ಪಿಟ್‌ಫೈರಿನ ಆ ಪೀಡೆಯನ್ನು ಹತೋಟಿಗೆ ತಂದರು. ಚಿತ್ರ ಎಷ್ಟೇ ಚೆಂದವಿರಲಿ, ಆ ಬಿಲ್ಲೆ ಹೊರಗಿನಿಂದ ಕಾಣುವಂಥದ್ದಲ್ಲ.

‘ಹಾರ್ಟ್ಸ್ ಆಫ್ ಐರನ್ 4’ ಎಂಬ ರಣತಂತ್ರದ ಆಟ 2016ರಲ್ಲಿ ಬಂದಾಗ ವಿಮಾನಗಳನ್ನು 1936, 1940, 1944 ಎಂದು ಮೆಟ್ಟಿಲು ಮಾಡಿ ಇಟ್ಟಿತ್ತು. ಇತಿಹಾಸ ಹಾಗೆ ಮೆಟ್ಟಿಲು ಹತ್ತಲಿಲ್ಲ. ಅಮೆರಿಕದ ಮಸ್ಟಾಂಗ್ 1940ರಲ್ಲೇ ಹಾರಿದರೂ ಅಲಿಸನ್ ಎಂಜಿನ್ ಹೊತ್ತು ಎತ್ತರದಲ್ಲಿ ಏದುಸಿರು ಬಿಡುತ್ತಿತ್ತು. ಬ್ರಿಟಿಷರ ಮರ್ಲಿನ್ ಎಂಜಿನ್ ಕೂರಿಸಿದ ಮೇಲೆ ಅದರ ಅದೃಷ್ಟ ತಿರುಗಿ, 1944ರಲ್ಲಿ ಬಾಂಬರ್‌ಗಳಿಗೆ ಬರ್ಲಿನ್‌ವರೆಗೂ ಕಾವಲು ಹೋಯಿತು. 2022ರ ವಿಸ್ತರಣೆಯಲ್ಲಿ ಈ ಆಟ ತನ್ನನ್ನು ತಿದ್ದಿಕೊಂಡಿತು. ಈಗ ಎಂಜಿನ್, ಬಂದೂಕು, ರಕ್ಷಾಕವಚ, ಹೆಚ್ಚುವರಿ ಟ್ಯಾಂಕ್ ಎಲ್ಲವನ್ನೂ ಆಡುವವರೇ ಆರಿಸಬೇಕು. ಪ್ರತಿಯೊಂದಕ್ಕೂ ತೂಕದ ದಂಡ ಕಟ್ಟಬೇಕು. ಜಪಾನಿನ ಜೀರೊ ವಿಮಾನಕ್ಕೆ ಅದರ ವಿನ್ಯಾಸಕ ಜಿರೊ ಹೊರಿಕೊಶಿ ರಕ್ಷಾಕವಚವನ್ನೇ ಯಾಕೆ ಕೊಡಲಿಲ್ಲ ಎಂಬುದು ಪುಸ್ತಕಕ್ಕಿಂತ ಬೇಗ ಇಲ್ಲಿ ಅರ್ಥವಾಗುತ್ತದೆ. ದೂರ ಹಾರುವುದೂ ಚುರುಕಾಗಿ ತಿರುಗುವುದೂ ಬೇಕೆಂದರೆ ಅಷ್ಟು ಸಣ್ಣ ಎಂಜಿನ್ನಿನಲ್ಲಿ ಪೈಲಟ್‌ನ ಜೀವಕ್ಕೆ ಉಳಿಯುವ ಜಾಗ ಅಷ್ಟೇ.

ನನಗೆ ಸಿಟ್ಟು ಬರಿಸುವುದು ಜರ್ಮನಿಯ ಹಾರ್ಟೆನ್ 229ರಂಥ ವಿಮಾನಗಳು. 1945ರ ಫೆಬ್ರವರಿಯಲ್ಲಿ ಅದರ ಜೆಟ್ ಮಾದರಿ ಪರೀಕ್ಷಾ ಹಾರಾಟದಲ್ಲೇ ಬಿದ್ದು ಪೈಲಟ್ ಸತ್ತ. ಮುಂದಿನದು ಮುಗಿಯುವ ಮೊದಲೇ ಯುದ್ಧ ಮುಗಿಯಿತು. ಆಟಗಳಲ್ಲಿ ಮಾತ್ರ ಅದು ದಂಡುಗಟ್ಟಿ ಹಾರುತ್ತದೆ. ಕಲ್ಪನೆ ಬೇಡ ಎನ್ನುತ್ತಿಲ್ಲ, ಅದಕ್ಕೊಂದು ಚೀಟಿ ಅಂಟಿಸಿ ಎನ್ನುತ್ತೇನೆ.

ಇನ್ನೊಂದು ಕೊರತೆ ರಿಪೇರಿಯದು. ಎಷ್ಟೋ ಆಟಗಳಲ್ಲಿ ಗುಂಡೇಟು ತಿಂದ ವಿಮಾನ ನೆಲೆಗೆ ಬಂದು ಕ್ಷಣದಲ್ಲಿ ಹೊಸದಾಗುತ್ತದೆ. ನಿಜದಲ್ಲಿ ಏನಾಗುತ್ತಿತ್ತೆಂದು ತಿಳಿಯಲು ಬೆಂಗಳೂರಿಗರು ದೂರ ಹೋಗಬೇಕಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, ಯುದ್ಧದ ನಡುವೆ ಅಮೆರಿಕನ್ ಸೇನೆಯ ರಿಪೇರಿ ಕೇಂದ್ರವಾಯಿತು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಹೌದು, ಈಚೆಗೆ ನೊರೆಗೆ ಹೆಸರಾದ ಅದೇ ಕೆರೆ! ಆ ಕಾರ್ಖಾನೆಯ ಕೆಲಸಗಾರರಿಗೂ ಒಂದು ಆಟದಲ್ಲಿ ಜಾಗ ಸಿಗಲಿ ಎಂಬುದು ನನ್ನ ಆಸೆ.

ಇಂಥ ಆಟಗಳ ಈ ಪ್ರದರ್ಶನ ಈಗ ಉದ್ಘಾಟನೆಯಾಗಿದೆ. ಒಳಗೆ ಹೋಗಿ, ಮನಸಾರೆ ಆಡಿ. ಪ್ರತಿ ಪರದೆಯ ಮುಂದೆ ನಿಂತ ಹುಡುಗ ಹುಡುಗಿಯರನ್ನು ತಪ್ಪದೆ ಒಂದು ಮಾತು ಕೇಳಿ: ಈ ವಿಮಾನ ಎಷ್ಟು ದೂರ ಹೋಗಿ ವಾಪಸ್ ಬರಬಲ್ಲದು?