ಆಸ್ಪತ್ರೆಯ ದುಭಾಷಿ

ದುಭಾಷಿಯೆಂದರೆ ಕೋರ್ಟು ಕಚೇರಿಗಳಲ್ಲಿ ನಿಂತು ಒಂದು ನುಡಿಯನ್ನು ಇನ್ನೊಂದು ನುಡಿಯಲ್ಲಿ ಹೇಳುವವನೆಂದು ತಾವು ಬಲ್ಲಿರಿ. ಆಸ್ಪತ್ರೆಗೂ ಅಂಥವನೊಬ್ಬ ಬೇಕೆಂಬುದು ನನಗೆ ಮನದಟ್ಟಾದದ್ದು ನನ್ನದೇ ತಪ್ಪಿನಿಂದ.

ಕೆಲವು ವರ್ಷಗಳ ಕೆಳಗೆ ನೆರೆಮನೆಯವರ ತಾಯಿಯನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಕೆ ಧಾರವಾಡದ ಕಡೆಯವರು, ವೈದ್ಯರು ಕೇರಳದವರು. “ರಾತ್ರಿ ಮಲಗಾಕ ಆಗಂಗಿಲ್ಲರೀ” ಎಂದರು ಆಕೆ. ನಾನು ಇಂಗ್ಲಿಷಿನಲ್ಲಿ, ಇವರಿಗೆ ನಿದ್ದೆ ಬರುವುದಿಲ್ಲವಂತೆ ಎಂದುಬಿಟ್ಟೆ. ಇಷ್ಟು ವರ್ಷ ವ್ಯಾಕರಣ ಕಲಿಸಿದ ಪಂಡಿತನಿಗೆ ಮಲಗುವುದಕ್ಕೂ ನಿದ್ರಿಸುವುದಕ್ಕೂ ಇರುವ ಭೇದ ಆ ಹೊತ್ತಿಗೆ ಹೊಳೆಯಲಿಲ್ಲ! ವೈದ್ಯರು ಜಾಣರು. ಎಷ್ಟು ದಿಂಬು ಇಟ್ಟುಕೊಳ್ಳುತ್ತಾರೆ, ಕೇಳಿ ಎಂದರು. “ಮೂರು ದಿಂಬಿಗೆ ಒರಗಿ ಕುಂತ್ರ ಆರಾಮ, ಅಡ್ಡಾದ್ರ ದಮ್ಮು ಕಟ್ತೈತಿ” ಎಂದು ಉತ್ತರ ಬಂತು. ಅದು ನಿದ್ದೆಯ ಮಾತೇ ಅಲ್ಲ. ಮಲಗಿದೊಡನೆ ಉಸಿರು ಕಟ್ಟುವುದು ಹೃದಯ ಸೋಲುತ್ತಿರುವುದರ ಕುರುಹಾಗಬಹುದು. ಪರೀಕ್ಷೆಯಲ್ಲಿ ಹಾಗೆಯೇ ತೋರಿತು. ವೈದ್ಯರು ಆ ಒಂದು ಪ್ರಶ್ನೆ ಕೇಳದಿದ್ದರೆ ಆಕೆ ನಿದ್ದೆಯ ಗುಳಿಗೆಯೊಡನೆ ಮನೆಗೆ ಬರುತ್ತಿದ್ದರು.

1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹದಿನೆಂಟು ವರ್ಷದ ತರುಣನೊಬ್ಬನನ್ನು ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಮನೆಯವರು ‘ಇಂಟಾಕ್ಸಿಕಾಡೊ’ ಎಂದರು. ತಿಂದದ್ದೋ ಕುಡಿದದ್ದೋ ಮೈಗೆ ಒಗ್ಗಲಿಲ್ಲವೆಂದು ಅವರ ಸ್ಪ್ಯಾನಿಷಿನಲ್ಲಿ ಅದರ ಅರ್ಥ. ಇಂಗ್ಲಿಷಿನ ಕಿವಿಗೆ ಅಮಲೇರಿದೆ ಎಂದು ಕೇಳಿಸಿತು. ಚಿಕಿತ್ಸೆಯೂ ಹಾಗೆಯೇ ನಡೆಯಿತು. ಮಿದುಳಿನ ರಕ್ತಸ್ರಾವವೆಂದು ತಿಳಿಯುವ ವೇಳೆಗೆ ಹುಡುಗನ ಕೈಕಾಲು ನಾಲ್ಕೂ ಬಿದ್ದುಹೋಗಿದ್ದುವು. ಈಗ ಆ ದೇಶದಲ್ಲಿ ವೈದ್ಯಕೀಯ ದುಭಾಷಿಯ ಅರ್ಹತಾಪತ್ರ ಬೇಕೆನ್ನುವವರು ಕನಿಷ್ಠ 40 ಗಂಟೆಗಳ ತರಬೇತಿ ಪಡೆದು ಪರೀಕ್ಷೆಗೆ ಕೂರಬೇಕು. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ನಮ್ಮ ಹಿರಿಯರು ಆಸ್ಪತ್ರೆಯಲ್ಲಿ ಕನ್ನಡದ ದುಭಾಷಿ ಬೇಕೆಂದು ಸಂಕೋಚವಿಲ್ಲದೆ ಕೇಳಬಹುದು.

ಕಲಿಯುವುದು ಕಷ್ಟವೆ? ಅರ್ಧಭಾಗ ವ್ಯಾಕರಣವೇ. ಕೊನೆಯಲ್ಲಿ ‘ಐಟಿಸ್’ ಎಂಬ ಪ್ರತ್ಯಯ ಬಂದರೆ ಉರಿಯೂತ. ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವುದು. ಮೊದಲಲ್ಲಿ ‘ಹೈಪರ್’ ಬಂದರೆ ಹೆಚ್ಚು, ‘ಹೈಪೊ’ ಬಂದರೆ ಕಡಮೆ. ಈ ಗ್ರೀಕ್ ಶಬ್ದಗಳು ಸಂಸ್ಕೃತದ ‘ಉಪರಿ’, ‘ಉಪ’ಗಳ ದಾಯಾದಿಗಳೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಹೈಪರ್‌ಗ್ಲೈಸೀಮಿಯದಲ್ಲಿ ರಕ್ತದ ಸಕ್ಕರೆ ಏರಿರುತ್ತದೆ, ಹೈಪೊಗ್ಲೈಸೀಮಿಯದಲ್ಲಿ ಇಳಿದಿರುತ್ತದೆ. ಇಳಿದವನಿಗೆ ಸಕ್ಕರೆ ಬೇಕು. ಅವನಿಗೆ ಇನ್ಸುಲಿನ್ ಚುಚ್ಚಿದರೆ ಗತಿಯೇನು?

ಉಳಿದರ್ಧ ನಡತೆ. ರೋಗಿ “ನನಗೆ ನೋವು” ಎಂದರೆ ದುಭಾಷಿಯೂ “ನನಗೆ ನೋವು” ಎಂದೇ ಹೇಳಬೇಕು, “ಇವರಿಗಂತೆ” ಎನ್ನಬಾರದು. ಸೇರಿಸಬಾರದು, ಬಿಡಬಾರದು, ಕೇಳಿದ್ದನ್ನು ಹೊರಗೆ ಆಡಬಾರದು. ತಿಳಿಯದಿದ್ದರೆ ಸ್ವಲ್ಪ ತಡೆಯಿರಿ ಎಂದು ಇಬ್ಬರಿಗೂ ಹೇಳಿ ಕೇಳಿಕೊಳ್ಳಬೇಕು. ಮನೆಯ ಮಕ್ಕಳನ್ನು ಈ ಕೆಲಸಕ್ಕೆ ನಿಲ್ಲಿಸಬೇಡಿ. ತಾಯಿ ಮಗನೆದುರು ಹೇಳಲಾರದ ಬೇನೆಗಳುಂಟು.

ನಾನೀಗ ಒಂದು ಟಿಪ್ಪಣಿ ಪುಸ್ತಕ ಇಟ್ಟಿದ್ದೇನೆ. ಜೋಮು, ಸೆಳೆತ, ಹೊಟ್ಟೆ ತೊಳಸು, ಎದೆಯುರಿ, ಕಣ್ಣು ಕತ್ತಲಿಡುವುದು: ಒಂದೊಂದನ್ನೂ ಯಾವ ಊರಿನವರು ಯಾವ ಅರ್ಥದಲ್ಲಿ ಆಡುತ್ತಾರೆಂದು ಕೇಳಿ ಬರೆದುಕೊಳ್ಳುತ್ತೇನೆ. ತಮ್ಮ ಮನೆಯಲ್ಲಿ ಅಜ್ಜಿಯಿದ್ದರೆ ಇಂದೇ ಕೇಳಲು ತೊಡಗಬಹುದು.